ಹುಳ ಮುಟ್ಟದ ಸೊಪ್ಪು

ಗುರುವಾರ, ಜುಲೈ ೧೮

ಆ ಸೊಪ್ಪಿನ ಎಲೆಗಳಲ್ಲಿ ಒಂದೂ ತೂತಿರಲಿಲ್ಲ. ಅದೇ ತಲೆ ಕೊರೆಯುತ್ತಿದೆ.

ಊರೊಳಗಿನ ಖಾಲಿ ಜಾಗಗಳಲ್ಲಿ ತರಕಾರಿ ಬೆಳೆಸುವುದನ್ನು ಕಲಿಸುವ ನಾನು, ಎಲ್ಲಿಗೆ ಹೋದರೂ ಮೊದಲು ಮಣ್ಣು ಅಗೆದು ಎರೆಹುಳ ಹುಡುಕುತ್ತೇನೆ. ಇವತ್ತು ಆ ಹೊಸ ತೋಟದ ಮೂಲೆಮೂಲೆಯನ್ನೂ ಅಗೆದೆ. ಎರೆಹುಳ ಹಾಗಿರಲಿ, ಒಂದು ಇರುವೆಯೂ ಇಲ್ಲ.

ತೋಟ ನೋಡಿಕೊಳ್ಳುವ ಟೈಲರಮ್ಮನಿಗೆ ಹಿಗ್ಗೋ ಹಿಗ್ಗು. "ಔಷಧಿನೇ ಹೊಡೆದಿಲ್ಲ ಮೇಡಂ, ಆದ್ರೂ ಒಂದು ಹುಳ ಹತ್ರ ಸುಳಿಯಲ್ಲ. ನಮ್ಮ ಕೈಗುಣ!"

"ಇಲ್ಲಿ ಮೊದಲು ಏನಿತ್ತಮ್ಮ?"

"ಹಳೇ ಬ್ಯಾಟರಿ ಒಡೆದು ಸೀಸ ಕರಗಿಸ್ತಿದ್ರು. ಅವರು ಹೋಗಿ ಯಾವ ಕಾಲ ಆಯ್ತೋ! ಮಣ್ಣಿಗೆ ಅದೆಲ್ಲ ನೆನಪಿರುತ್ತಾ?"

ಸೀಸ ವಿಷ; ಮಣ್ಣಿನಿಂದ ಸೊಪ್ಪಿಗೂ ಏರುತ್ತದೆ. ಪರೀಕ್ಷೆಗೆ ಮಣ್ಣು ತುಂಬಿಕೊಂಡೆ. ಫಲಿತಾಂಶ ಬರುವವರೆಗೆ ಒಂದೆಲೆಯನ್ನೂ ಕೀಳಬೇಡಿ ಎಂದೆ. ಅವರ ನಗು ಅಲ್ಲಿಗೇ ನಿಂತಿತು.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೇಳಿದರು: "ಹೋದ ವಾರ ಆ ಟೈಲರಮ್ಮ ಆಫೀಸಿಗೆ ಕಳಿಸಿದ್ರಲ್ಲ, ಆ ಸೊಪ್ಪು ಇನ್ನೊಂದಿಷ್ಟು ತರಬಾರದಿತ್ತಾ? ಪುಟ್ಟಿ ಅದನ್ನೇ ಕೇಳ್ತಾ ಇದಾಳೆ."

ಸೊಪ್ಪೆಂದರೆ ಮುಖ ತಿರುಗಿಸುವ ಮಗಳು ಅವತ್ತು ಎರಡೆರಡು ಸಲ ಹಾಕಿಸಿಕೊಂಡು ತಿಂದಿದ್ದಳು. ಖಾಲಿ ತಟ್ಟೆ ಎತ್ತಿ ತೋರಿಸಿದಾಗ ನಾನೇ ಚಪ್ಪಾಳೆ ತಟ್ಟಿದ್ದೆ.