ಮಸೂರಕ್ಕೆ ಅಂಟಿಸಿದ ಚೀಟಿ

ಸೋಮವಾರ, ಸಂಜೆ

ಪ್ರೀತಿಯ ಪುಟ್ಟೀ,

ಅಮ್ಮ ಎಲ್ಲಿ ಕಳೆದುಹೋದಳೋ ಎಂದು ನಿಮ್ಮಪ್ಪನಿಗೆ ಫೋನ್ ಮಾಡಿ ವಿಚಾರಿಸಿದೆಯಂತೆ. ಎಲ್ಲೂ ಹೋಗಿಲ್ಲ ಕಣೇ, ಜಗಳ ಆಡುವಷ್ಟು ಗಟ್ಟಿಯಾಗಿಯೇ ಇದ್ದೇನೆ. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ನಿಮ್ಮಪ್ಪ ಕೆಟ್ಟ ಫ್ಯಾನನ್ನು ತಾವೇ ಸರಿಮಾಡುತ್ತೇನೆಂದು ಬಿಚ್ಚಿ ಮೇಜಿನ ತುಂಬ ಹರಡಿದ್ದಾರೆ. ನನಗೆ ಉಳಿದಿರುವುದು ಅಂಗೈಯಗಲ ಜಾಗ.

ಹೊಸ ಕೆಲಸ ಹೇಗಿದೆ? ಪಾಠಯೋಜನೆಯಲ್ಲಿ ‘ಬೆಳೆಸಬೇಕಾದ ಮೌಲ್ಯ’ ಎಂಬ ಕಾಲಂ ಇದೆ, ವಿಜ್ಞಾನದ ಪಾಠಕ್ಕೆ ಅಲ್ಲಿ ಏನು ಬರೆಯಲಿ ಎಂದು ಕೇಳಿದ್ದೀಯ. ನಾನು ಇಷ್ಟು ವರ್ಷ ಕಣ್ಣುಮುಚ್ಚಿಕೊಂಡು ‘ಪ್ರಾಮಾಣಿಕತೆ’ ಎಂದು ಗೀಚಿ ಸಹಿ ಹಾಕಿಸಿಕೊಂಡೆ. ಈ ವರ್ಷ ಅದನ್ನು ನಿಜವಾಗಿಯೂ ಕಲಿಸಲು ಹೊರಟೆ. ಈಗ ಶಾಲೆಗೆ ಶಾಲೆಯೇ ನನ್ನ ಮೇಲೆ ತಿರುಗಿಬಿದ್ದಿದೆ.

ಮಸೂರದ ಪ್ರಯೋಗ ನಿನಗೆ ಗೊತ್ತೇ ಇದೆ. ಕಿಟಕಿಯಾಚೆಯ ನೀರಿನ ಟ್ಯಾಂಕಿನ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಬೇಕು, ಚಿತ್ರ ಚೊಕ್ಕವಾದ ಕಡೆ ನಿಲ್ಲಿಸಿ, ಮಸೂರಕ್ಕೂ ಕಾಗದಕ್ಕೂ ಎಷ್ಟು ದೂರ ಎಂದು ಅಳೆಯಬೇಕು. ನಮ್ಮ ಲ್ಯಾಬಿನಲ್ಲಿ ಒಂದೊಂದು ಮಸೂರದ ಹಿಡಿಗೂ ಆ ದೂರವನ್ನು ಬರೆದ ಚೀಟಿ ಅಂಟಿಸಿರುತ್ತೇವೆ. ಮಕ್ಕಳು ಮಾಡುವುದೇನು? ಚೀಟಿ ನೋಡುವುದು, ಕಿಟಕಿಯ ಬಳಿ ಒಂದಿಷ್ಟು ಹೊತ್ತು ನಾಟಕ ಆಡುವುದು, ಬಂದು ಬರೆಯುವುದು. ನನಗೆ ಮೈ ಉರಿಯುತ್ತಿತ್ತು. ಅದಕ್ಕೇ ಈ ಸಲ ಹತ್ತನೇ ತರಗತಿಯ ಪರೀಕ್ಷೆಗೆ ಮುಂಚೆ ಹಳೆಯ ಚೀಟಿಗಳನ್ನೆಲ್ಲ ಕಿತ್ತು, ಇಪ್ಪತ್ತು ಸೆಂಟಿಮೀಟರಿನ ಮಸೂರಗಳಿಗೆಲ್ಲ ‘ಹದಿನೈದು’ ಎಂದು ಬರೆದು ಅಂಟಿಸಿದೆ.

ಸಿಕ್ಕಿಬಿದ್ದರು! ಇಡೀ ತರಗತಿಗೆ ಹದಿನೈದು. ನೇರವಾಗಿ ಹದಿನೈದು ಬರೆದರೆ ಮಿಸ್‌ಗೆ ಅನುಮಾನ ಬರುತ್ತದಲ್ಲ, ಅದಕ್ಕೆ ಒಬ್ಬ ಹದಿನಾಲ್ಕು ಪಾಯಿಂಟ್ ಒಂಬತ್ತು, ಇನ್ನೊಬ್ಬಳು ಹದಿನೈದು ಪಾಯಿಂಟ್ ಒಂದು. ಸುಳ್ಳಿನಲ್ಲೂ ಎಂಥ ಅಚ್ಚುಕಟ್ಟು ನೋಡು! ನಾನು ‘ದುರ್ಬೀನು’ ಎಂದು ಕರೆಯುವ ಹುಡುಗಿಯ ಬಗ್ಗೆ ನಿನಗೆ ಹೇಳಿದ್ದೆನಲ್ಲ, ಇರುವೆ ಸಾಲು ಕಂಡರೂ ಬಗ್ಗಿ ನೋಡುತ್ತಾ ಗಂಟೆ ಹೊಡೆದದ್ದು ಕೇಳಿಸದೆ ನಿಲ್ಲುವವಳು, ಅವಳೂ ಹದಿನೈದೇ ಬರೆದಿದ್ದಳು. ಅದನ್ನು ನೋಡಿದ್ದೇ ತಡ, ಎಲ್ಲರಿಗೂ ಸೊನ್ನೆ ಹಾಕಿದೆ.

ಈ ಅಂಕ ಅಂತಿಮ ಫಲಿತಾಂಶಕ್ಕೆ ಸೇರುತ್ತದೆ. ಸೊನ್ನೆ ಉಳಿದರೆ ಎಷ್ಟೋ ಮಕ್ಕಳಿಗೆ ಮುಂದೆ ವಿಜ್ಞಾನದಲ್ಲಿ ಸೀಟು ಸಿಗುವುದಿಲ್ಲ. ಹೆಡ್ಮಾಸ್ಟರು ಕೋಣೆಗೆ ಕರೆಸಿ, ಬಾಗಿಲು ಹಾಕಿ, “ನಿಮ್ಮ ತತ್ವ ನಿಮ್ಮ ಹತ್ರಾನೇ ಇರ್ಲಿ ಮೇಡಂ. ಗುರುವಾರ ಪೋಷಕರು ಬರ್ತಿದ್ದಾರೆ. ಅಷ್ಟರೊಳಗೆ ಅಂಕ ತಿದ್ದಿಕೊಡಿ. ಇಲ್ಲಾಂದ್ರೆ ಮುಂದಿನ ವರ್ಷ ನಿಮಗೆ ಈ ಶಾಲೇಲಿ ತರಗತಿ ಇರಲ್ಲ,” ಎಂದರು.

“ಮಾಡದೇ ಇದ್ದ ಪ್ರಯೋಗಕ್ಕೆ ನಾನು ಅಂಕ ಕೊಡಲ್ಲ ಸಾರ್,” ಎಂದೆ.

ಸ್ಟಾಫ್ ರೂಮಿನಲ್ಲಿ ನನ್ನನ್ನು ಕಂಡರೆ ಮಾತು ನಿಲ್ಲುತ್ತದೆ. ಗಣಿತದ ಮೇಡಂ ಒಬ್ಬರೇ ಬಂದು ಪಕ್ಕ ಕೂತು, “ಹಟಕ್ಕೆ ಬೀಳ್ಬೇಡ್ರೀ,” ಎಂದರು. ನಿಮ್ಮಪ್ಪನೂ ಅದನ್ನೇ ಹೇಳುತ್ತಾರೆ. ನಿಮ್ಮಪ್ಪನಿಗೆ ಫ್ಯಾನಿನ ವಿಷಯದಲ್ಲಿ ಮಾತ್ರ ಹಟ ಇರಬಹುದು! ಕೆಲಸ ಹೋದರೆ ಹೋಗಲಿ, ಸೊನ್ನೆ ತಿದ್ದುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಮ್ಮ

*

ಶನಿವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಗುರುವಾರವೇ ಬರೆಯಬೇಕಿತ್ತು, ಮನಸ್ಸು ಬರಲಿಲ್ಲ. ನೀನು ಗಾಬರಿಯಾಗಿರುತ್ತೀಯ ಎಂದು ಗೊತ್ತಿದ್ದೂ ಸುಮ್ಮನಿದ್ದೆ, ಕ್ಷಮಿಸು ಮಗಳೇ. ಮೊದಲು ಇದನ್ನು ಹೇಳಿಬಿಡುತ್ತೇನೆ: ಕೆಲಸ ಹೋಗಿಲ್ಲ.

ಗುರುವಾರ ಲ್ಯಾಬಿನಲ್ಲೇ ಸಭೆ ಇಟ್ಟಿದ್ದರು. ಪೋಷಕರು ಸ್ಟೂಲುಗಳ ಮೇಲೆ, ಮಕ್ಕಳು ಗೋಡೆಗೆ ಒತ್ತಿಕೊಂಡು. ನಾನು ಮೇಜಿನ ಹಿಂದೆ ಮಸೂರಗಳನ್ನು ಸಾಲಾಗಿ ಇಟ್ಟುಕೊಂಡು ನಿಂತಿದ್ದೆ, ಸಾಕ್ಷಿ ತೋರಿಸುವ ಗತ್ತಿನಲ್ಲಿ. ಯಾರದೋ ತಂದೆ, “ಮಕ್ಕಳಿಗೆ ಗುಂಡಿ ತೋಡಿ ಬಿದ್ರಾ ಅಂತ ನೋಡೋದು ಯಾವ ಪಾಠ?” ಎಂದು ಎಗರಾಡಿದರು. ನಾನೇನು ಕಮ್ಮಿಯೇ? “ನೋಡಿಕೊಂಡು ನಡೆದಿದ್ರೆ ಬೀಳ್ತಿರಲಿಲ್ಲ,” ಎಂದೆ. ಹೆಡ್ಮಾಸ್ಟರು ಕೈ ಕೈ ಹಿಸುಕಿಕೊಳ್ಳುತ್ತಿದ್ದರು.

ಆ ಗಲಾಟೆಯಲ್ಲಿ ನಾನು ದುರ್ಬೀನಿನ ಕಡೆಗೆ ತಿರುಗಿ, “ನೀನಾದ್ರೂ ನೋಡಬೇಕಿತ್ತಲ್ವೇನೇ? ನಿನಗೇನಾಗಿತ್ತು?” ಎಂದು ಎಲ್ಲರೆದುರು ಗದರಿದೆ. ಅವಳ ತಾಯಿ ಆಸ್ಪತ್ರೆಯಲ್ಲಿ ನರ್ಸು, ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದಳು. “ಹೇಳು, ಮಿಸ್ ಕೇಳ್ತಿದ್ದಾರೆ,” ಎಂದು ಮೆಲ್ಲಗೆ ಮಗಳ ಬೆನ್ನು ಮುಟ್ಟಿದಳು.

“ನೋಡಿದೆ ಮಿಸ್,” ಎಂದಳು ಹುಡುಗಿ. “ನನಗೆ ಇಪ್ಪತ್ತು ಬಂತು. ಮತ್ತೆ ಮತ್ತೆ ಮಾಡಿದೆ. ಆಗಲೂ ಇಪ್ಪತ್ತೇ ಬಂತು.”

“ಮತ್ತೆ ಹದಿನೈದು ಅಂತ ಯಾಕೆ ಬರೆದೆ?”

“ಚೀಟಿ ಮೇಲಿದ್ದದ್ದು ನಿಮ್ಮ ಅಕ್ಷರ ಮಿಸ್.”

ಅವಳೇ ಮುಂದುವರಿದಳು. “ನೀವು ಬರೆದಿದ್ದು ತಪ್ಪಿರಲ್ಲ ಅಂದ್ಕೊಂಡೆ. ನನಗೇ ನೋಡೋಕೆ ಬರ್ತಿಲ್ಲ ಅಂದ್ಕೊಂಡು ಅಳಿಸಿ ಬರೆದೆ.”

ಅವಳ ತಾಯಿ ಆಗ, “ಪರೀಕ್ಷೆ ಆದ ದಿನ ಮನೆಗೆ ಬಂದು ಕಣ್ಣು ತೋರಿಸ್ಬೇಕು ಅಂದ್ಲು ಮೇಡಂ. ನಮ್ಮ ಆಸ್ಪತ್ರೇಲೇ ತೋರಿಸಿದೆ. ಕಣ್ಣು ಚೆನ್ನಾಗೇ ಇದೆ ಅಂದ್ರು,” ಎಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. ನನ್ನ ಜೋರೆಲ್ಲ ಇಳಿದುಹೋಯಿತು. ನಾಟಕ ಆಡಿದವರನ್ನು ಹಿಡಿಯಲು ಹೋಗಿ, ನನ್ನನ್ನು ನಂಬಿದವಳನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದ್ದೆ. ಮಕ್ಕಳಿಗೆ ಸುಳ್ಳು ಬರೆಯಬೇಡಿ ಎಂದು ಕಲಿಸಲು ಮೊದಲು ಸುಳ್ಳು ಬರೆದವಳು ನಾನೇ ತಾನೆ?

“ತಪ್ಪು ನನ್ನದು,” ಎಂದೆ. ಪೋಷಕರಿಗಲ್ಲ, ಮಕ್ಕಳ ಕಡೆ ತಿರುಗಿ. ಸೊನ್ನೆಗಳನ್ನು ಅಲ್ಲೇ ಹೊಡೆದುಹಾಕಿದೆ. ಸುಮ್ಮನೆ ಅಂಕ ಕೊಡುವುದಿಲ್ಲ, ಚೀಟಿಯೇ ಇಲ್ಲದ ಮಸೂರ ಕೊಟ್ಟು ಮತ್ತೆ ಪರೀಕ್ಷೆ ಮಾಡುತ್ತೇನೆ ಎಂದೆ. ಪೋಷಕರು ಒಪ್ಪಿದರು. ಹೆಡ್ಮಾಸ್ಟರು ಎಷ್ಟು ನಿರಾಳವಾದರೆಂದರೆ ನನ್ನ ಸ್ಟೂಲನ್ನು ತಾವೇ ಎಳೆದು ಕೊಟ್ಟರು.

ಇವತ್ತು ಬೆಳಿಗ್ಗೆ ಆ ಪರೀಕ್ಷೆಯೂ ಮುಗಿಯಿತು. ಎಂಥ ಗದ್ದಲ ಗೊತ್ತಾ! ಕಿಟಕಿಗಾಗಿ ನೂಕಾಟ, “ಲೋ, ಟ್ಯಾಂಕು ತಲೆಕೆಳಗಾಗಿ ಕಾಣ್ತಿದೆ ಕಣೋ!” ಎಂದು ಕೂಗಾಟ. ವರ್ಷವೆಲ್ಲ ಪಾಠ ಕೇಳಿದವರು ಇವತ್ತು ಮೊದಲ ಸಲ ಕಂಡರು. ಒಬ್ಬನಿಗೆ ಹತ್ತೊಂಬತ್ತು, ಇನ್ನೊಬ್ಬಳಿಗೆ ಇಪ್ಪತ್ತೊಂದೂವರೆ. ಎಲ್ಲ ಹೆಚ್ಚುಕಮ್ಮಿ, ಎಲ್ಲ ಅವರವರದ್ದೇ. ಅಂಕ ಕೊಡುವಾಗ ಕೈಗೆ ಹಗುರ ಅನ್ನಿಸಿತು. ಗಣಿತದ ಮೇಡಂ, “ಅಂತೂ ಗೆದ್ರಿ,” ಎಂದರು. ನಾನು ಮಸೂರಗಳನ್ನು ಪೆಟ್ಟಿಗೆಗೆ ತುಂಬತೊಡಗಿದೆ.

ನೀನು ನಿನ್ನ ಮಕ್ಕಳ ಹತ್ತಿರ ಜೋರು ಮಾಡಬೇಡ. ನನ್ನ ಕೋಪವೇ ನಿನಗೂ ಬಂದಿದೆ, ಅದೊಂದೇ ನನಗೆ ಹೆದರಿಕೆ. ಆರೋಗ್ಯ ನೋಡಿಕೋ. ನೂರು ಕಾಲ ಸುಖವಾಗಿ ಬಾಳು ಮಗಳೇ.

ನಿನ್ನ
ಅಮ್ಮ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಬೆಳಿಗ್ಗೆ ಎಲ್ಲರೂ ಕಿಟಕಿಯ ಬಳಿ ಮುಗಿಬಿದ್ದಾಗ ದುರ್ಬೀನು ಮಾತ್ರ ಬೆಂಚು ಬಿಟ್ಟು ಏಳಲಿಲ್ಲ. ಮಸೂರವನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದಳು, ಒಂದು ಸಲವೂ ಅದರೊಳಗೆ ಇಣುಕಲಿಲ್ಲ. ಕೊನೆಗೆ ಖಾಲಿ ಹಾಳೆ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ ಪುಟ್ಟೀ, ತುಂಬ ವಿನಯದಿಂದ ಕೇಳಿದಳು: “ಎಷ್ಟು ಬರ್ಬೇಕು ಅಂತ ಹೇಳಿ ಮಿಸ್, ಅಷ್ಟೇ ಬರೀತೀನಿ.”