ಗುಳಿಗೆ ಬಿಟ್ಟ ಗುರುವಾರ

ಶ್ರೀ ಬಕ್ಕೇಶ್ ಅವರಿಗೆ,

ಗಂಡನ ಹೆಸರು ಹಿಡಿದು ಕರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಿಮ್ಮ ತಾಯಿ ಹೇಳುತ್ತಿದ್ದರು. ಮದುವೆಯಾದಾಗಿನಿಂದ ಒಮ್ಮೆಯೂ ಕರೆಯಲಿಲ್ಲ. ಆಯುಷ್ಯ ಕಡಿಮೆಯಾಗುವ ಸರದಿ ನನಗೇ ಬಂತು. ಆದ್ದರಿಂದ ಇವತ್ತು ಹೆಸರು ಹಿಡಿದೇ ಬರೆಯುತ್ತಿದ್ದೇನೆ.

ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ವಾರವೇ ನೀವು ನನ್ನನ್ನು ದಾವಣಗೆರೆಯ ಎಸ್.ಎಸ್. ಬಡಾವಣೆಯ ಮನೆಯಿಂದ ಹರಿಹರಕ್ಕೆ ತಂದು, ಅವ್ವನ ಮನೆಯ ಕಟ್ಟೆಯ ಮೇಲೆ ಬ್ಯಾಗ್ ಇಟ್ಟಿರಿ. "ನಾಕು ದಿನ ಇದ್ದು ಬಾ, ನಾನೇ ಬಂದು ಕರ್ಕೊಂಡು ಹೋಗ್ತೀನಿ" ಎಂದಿರಿ. ಆ ನಾಲ್ಕು ದಿನಕ್ಕೆ ಆರು ವರ್ಷ ಹಿಡಿಯಿತು. ಹರಿಹರ ದಾವಣಗೆರೆಗೆ ಅಷ್ಟು ದೂರವೆಂದು ನನಗೆ ತಿಳಿದಿರಲಿಲ್ಲ. ಪ್ರತಿ ತಪಾಸಣೆಗೂ ಪಕ್ಕದ ಮನೆಯ ಹಜೀರಾಬೀ ನನ್ನ ಜೊತೆ ಬಸ್ಸು ಹತ್ತಿದರು, ವಾಂತಿಯಾದಾಗ ತಮ್ಮ ಸೆರಗಿನಲ್ಲೇ ನನ್ನ ಬಾಯಿ ಒರೆಸಿದರು. ನೀವು ನೆಂಟರಿಗೆಲ್ಲ "ಅಕಿಗೆ ರಕ್ತ ಕಮ್ಮಿ ಐತೆ, ಅಷ್ಟೇ" ಎಂದು ಹೇಳಿಕೊಂಡು ತಿರುಗುತ್ತಿದ್ದಿರಂತೆ.

ಆರು ವರ್ಷ ದಿನಾ ಗುಳಿಗೆ ನುಂಗಿದ್ದಕ್ಕೆ, ಈಗ ಎರಡು ವರ್ಷದಿಂದ ರಕ್ತದಲ್ಲಿ ರೋಗ ಕಾಣುತ್ತಿಲ್ಲ. ಬೇಕಿದ್ದರೆ ಗುಳಿಗೆ ನಿಲ್ಲಿಸಿ ನೋಡಬಹುದು, ತಿಂಗಳು ತಿಂಗಳು ಪರೀಕ್ಷೆ ಮಾಡಿಸಬೇಕು, ಅರ್ಧಕ್ಕರ್ಧ ಜನಕ್ಕೆ ರೋಗ ಮರಳುತ್ತದೆ, ಆಗ ಮತ್ತೆ ಗುಳಿಗೆ ಹಿಡಿಯಬೇಕು, ತೀರ್ಮಾನ ನಿನ್ನದು ಎಂದರು ಡಾಕ್ಟರು. ಎರಡು ತಿಂಗಳು ಯೋಚಿಸಿ, ನಿಲ್ಲಿಸಲು ಒಂದು ಗುರುವಾರ ಗೊತ್ತು ಮಾಡಿಕೊಂಡೆ.

ಸುದ್ದಿ ಯಾರು ಮುಟ್ಟಿಸಿದರೋ, ಅದೇ ಗುರುವಾರ ಬೆಳಿಗ್ಗೆ ಒಂದು ಡಜನ್ ಬಾಳೆಹಣ್ಣು ಹಿಡಿದು ನೀವು ಬಂದಿರಿ. ನನ್ನ ಮುಖ ನೋಡುವ ಮೊದಲು ಗುಳಿಗೆ ಡಬ್ಬಿ ನೋಡಿದಿರಿ. "ಸಾಕು ಬಿಡು ಇನ್ನ. ಇದು ನುಂಗ್ತಿದ್ರೆ ಬಸುರಾಗಂಗಿಲ್ಲಂತ. ನಮ್ಮವ್ವ ಮೊಮ್ಮಗನ್ನ ನೋಡ್ಬೇಕಂತಾಳೆ" ಎಂದಿರಿ. ಸಂತೆಯಲ್ಲಿ ಎಮ್ಮೆಯ ಹಲ್ಲು ಎಣಿಸುವವರೂ ಮೊದಲು ಅದರ ಬೆನ್ನು ಸವರುತ್ತಾರೆ.

ನಿಜ ಹೇಳುತ್ತೇನೆ. ನಿಮ್ಮ ಬಾಯಿಂದ ಆ ಮಾತು ಬಂದದ್ದಕ್ಕೇ ಸಿಟ್ಟಿಗೆ ಇನ್ನೊಂದು ವಾರ ನುಂಗಿದೆ. ಗುಳಿಗೆಯಿಂದ ಬರುವ ಕಾಲು ಸೆಳೆತದಲ್ಲಿ ಒದ್ದಾಡುವಾಗ ಬುದ್ಧಿ ಬಂತು: ನಿಮ್ಮ ಮಾತಿಗೆ ಬಿಡುವುದೂ ಒಂದೇ, ನಿಮ್ಮ ಮೇಲಿನ ಹಟಕ್ಕೆ ನುಂಗುವುದೂ ಒಂದೇ. ಮರು ಗುರುವಾರ ನಿಲ್ಲಿಸಿದೆ, ನನಗಾಗಿ. ಮೊನ್ನೆ ಮೊದಲ ತಿಂಗಳ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೇನೆ. ವರದಿ ಇನ್ನೂ ಬಂದಿಲ್ಲ. ಹೆದರಿಕೆಯಿದೆ, ಅನ್ನ ಸೇರುತ್ತಿಲ್ಲ. ರೋಗ ಮರಳಿದರೆ ಗುಳಿಗೆ ಮತ್ತೆ ಹಿಡಿಯುತ್ತೇನೆ. ಬಿಟ್ಟದ್ದನ್ನೆಲ್ಲ ಮತ್ತೆ ಹಿಡಿಯಬೇಕೆಂದು ಯಾವ ಡಾಕ್ಟರೂ ಹೇಳಿಲ್ಲ.

ಅವತ್ತು ನೀವು ಹೊರಟಾಗ ನಾನು ಒಳಗಿನಿಂದ ಎದ್ದು ಬರಲಿಲ್ಲ. ಅವ್ವ ಮಾತ್ರ ಬಾಗಿಲಿಗೆ ಬಂದು, ರೂಢಿಯಂತೆ "ಹೋಗಿ ಬರ್ರಿ" ಎಂದುಬಿಟ್ಟಳು. ಬರೀ ಹೋಗು ಎಂದರೆ ಅಪಶಕುನವೆಂದು ನಮ್ಮಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಅವ್ವನ ಮಾತಿನಲ್ಲಿ ಅರ್ಧವನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ನಿಮಗೆ ಆಯುಷ್ಯ, ಆರೋಗ್ಯ ಎರಡೂ ಇರಲಿ. ಹೋಗ್ರಿ.

ವಾಣಿಶ್ರೀ
ಹರಿಹರ