ಮೂರನೆಯ ಮೊಳೆ

ಮಂಗಳವಾರ, ಸೆಪ್ಟೆಂಬರ್ 9

ಪ್ರೀತಿಯ ಮೋಟು,

ಐವತ್ತೆರಡು ವರ್ಷದವಳನ್ನು ಹೀಗೆ ಕರೆಯಬೇಡ ಅಂತ ಹೋದ ವರ್ಷ ನೀನು ಹೇಳಿದ್ದೆ. ಉಳಿದದ್ದನ್ನೆಲ್ಲ ಬೇರೆಯವರು ತೆಗೆದುಕೊಂಡಾಗಿದೆ, ಈ ಹೆಸರೊಂದಾದರೂ ನನಗಿರಲಿ.

ಒಂದೇ ಊರಿನಲ್ಲಿದ್ದುಕೊಂಡು ಕಾಗದ ಯಾಕೆ ಅಂತ ನಗಬೇಡ. ಫೋನ್ ಮಾಡಿದರೆ ಸೂಜಿ ಚುಚ್ಚಿದ ಕೈ ನೋಯುತ್ತೆ ಅಂತ ನೀನು ಸ್ಪೀಕರ್‌ಗೆ ಹಾಕುತ್ತೀಯ. ನಾನು ಒಂದು ಮಾತು ಹೇಳಿ ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ನರ್ಸಮ್ಮ ಅದಕ್ಕೆ ಎರಡು ಉತ್ತರ ಕೊಟ್ಟಿರುತ್ತಾರೆ. ನಿವೃತ್ತಿಯಾಗಿ ಆರು ವರ್ಷವಾದರೂ ಅವರ ದನಿ ಇನ್ನೂ ವಾರ್ಡಿನದ್ದೇ. ಈ ಕಾಗದವನ್ನು ನೀನೊಬ್ಬಳೇ ಓದು. ಕನ್ನಡಕ ಸಿಗದಿದ್ದರೆ ಹುಡುಕು, ಅವರ ಕೈಗೆ ಕೊಟ್ಟು ಓದಿಸಬೇಡ.

ಶುಕ್ರವಾರ ಮನೆ ಕೊಳ್ಳುವವರು ಬರುತ್ತಾರೆ. ಅವತ್ತು ನೀನು ಹೂಂ ಅನ್ನಬೇಕು, ಇಲ್ಲವೇ ಆಗಲ್ಲ ಅನ್ನಬೇಕು. ಮನೆ ಮಾರಿ ಆಸ್ಪತ್ರೆ ಹತ್ತಿರ ಬಾಡಿಗೆಗೆ ಹೋಗಲಾ, ಇಲ್ಲೇ ಇದ್ದುಬಿಡಲಾ ಅಂತ ಆ ಭಾನುವಾರ ನೀನು ಕೇಳಿದಾಗ ನಾನು ಮಾರಿಬಿಡು ಅಂದೆ. ಟೀ ಕಪ್ಪು ಕೆಳಗಿಡುವ ಮೊದಲೇ ಅಂದೆ. ನರ್ಸಮ್ಮ ತಲೆಯೆತ್ತಿ ನನ್ನ ಮುಖ ನೋಡಿದರು. ಅವರಿಗೆ ಏನು ಕಂಡಿತೋ ಅದು ಇದ್ದದ್ದು ನಿಜ. ಆ ಮಾತು ನಿನ್ನ ಒಳ್ಳೆಯದಕ್ಕೆ ಅಂತ ನನ್ನ ಬಾಯಿಂದ ಬಂದದ್ದಲ್ಲ. ಅದನ್ನು ಹೇಳದೆ ಶುಕ್ರವಾರ ಬಂದುಬಿಟ್ಟರೆ ನನಗೆ ಊಟ ಸೇರುವುದಿಲ್ಲ.

ಅಮ್ಮ ಆ ಮನೆಯನ್ನು ನಿನ್ನ ಹೆಸರಿಗೆ ಬರೆದು ಹತ್ತೊಂಬತ್ತು ವರ್ಷವಾಯಿತು. ಎಂಟು ವರ್ಷ ಅಮ್ಮನನ್ನು ನೋಡಿಕೊಂಡವಳು ನೀನು. ನನಗೆ ಸಂತೋಷವೇ ಅಂತ ಹೇಳಿ ಸಹಿ ಹಾಕಿದೆ. ಮೋಟು, ನನಗೆ ಸಂತೋಷವಾಗಿರಲಿಲ್ಲ. ನ್ಯಾಯ ಅಂತ ಗೊತ್ತಿತ್ತು, ಅಷ್ಟೆ. ಅಲ್ಲಿಂದ ಇಲ್ಲಿಗೆ ಹನ್ನೊಂದು ಬಾಡಿಗೆ ಮನೆ ನೋಡಿದ್ದೇನೆ. ಮೊದಲನೇ ಮನೆಯಲ್ಲಿ ಕ್ಯಾಲೆಂಡರಿಗೆ ಅಂತ ಒಂದು ಮೊಳೆ ಹೊಡೆದಿದ್ದೆ. ಮಾಲೀಕರು ಬಂದು, ಮೈಮೇಲಿನ ಗಾಯ ಮುಟ್ಟಿ ನೋಡುವ ಹಾಗೆ ಗೋಡೆಯನ್ನು ಮುಟ್ಟಿ ನೋಡಿದರು. ಅವತ್ತಿನಿಂದ ನಾನು ಯಾವ ಗೋಡೆಗೂ ಮೊಳೆ ಹೊಡೆದಿಲ್ಲ. ಅಮ್ಮನ ಫೋಟೊ ಟ್ರಂಕಿನ ಮೇಲೆ ಗೋಡೆಗೆ ಒರಗಿಕೊಂಡೇ ಇದೆ, ಕನ್ನಡಿಯೂ ಹಾಗೇ. ತಲೆ ಬಾಚಬೇಕಾದರೆ ಕುಕ್ಕರುಗಾಲಿನಲ್ಲಿ ಕೂರಬೇಕು.

ಆ ಭಾನುವಾರ ನೀನು ಮಲಗಿದ್ದಾಗ ನಿನ್ನ ಮನೆಯ ಮೊಳೆಗಳನ್ನು ಎಣಿಸಿದೆ. ಅರವತ್ತಮೂರು. ಅದರಲ್ಲಿ ಇಪ್ಪತ್ತಕ್ಕೆ ಏನೂ ನೇತುಹಾಕಿಯೇ ಇಲ್ಲ. ಸುಮ್ಮನೆ ಹೊಡೆದಿದ್ದೀಯ, ಹೊಡೆಯಬಹುದು ಅನ್ನುವ ಕಾರಣಕ್ಕೆ. ಕಾಯಿಲೆ ಬಿದ್ದ ತಂಗಿಯ ಗೋಡೆ ನೋಡಿ ಹೊಟ್ಟೆ ಉರಿದುಕೊಳ್ಳುವ ಅಕ್ಕ ಇದ್ದಾಳೆ ಅಂತ ಯಾರಾದರೂ ಹೇಳಿದರೆ ನಾನೇ ನಂಬುತ್ತಿರಲಿಲ್ಲ. ಇವಳಿಗೂ ಒಂದು ಸಲ ಬಾಡಿಗೆ ಮನೆಯ ರುಚಿ ಗೊತ್ತಾಗಲಿ ಅನ್ನಿಸಿತು. ಬಾಯಿ ಬಿಟ್ಟ ಕೂಡಲೇ ಮಾರಿಬಿಡು ಅಂತ ಬಂದದ್ದಕ್ಕೆ ಅರ್ಧ ಕಾರಣ ಇದು.

ಇನ್ನರ್ಧ ಹೇಳುವುದು ಇದಕ್ಕಿಂತ ಕಷ್ಟ.

ಆ ಭಾನುವಾರ ನಾನು ಹೇಳದೆ ಕೇಳದೆ ಬಂದದ್ದು ಯಾಕೆ ಗೊತ್ತಾ? ನೋಡಬೇಕು ಅನ್ನಿಸಿತು ಅಂದೆನಲ್ಲ, ಅದು ಸುಳ್ಳು. ಇಪ್ಪತ್ತಾರು ವರ್ಷದಿಂದ ನೀರಿನ ಮೀಟರ್ ಓದುತ್ತಿರುವವಳು ನಾನು. ಮನೆಯಲ್ಲಿ ಎಷ್ಟು ಜನ ಇದ್ದಾರೆ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರು ಊರಲ್ಲಿಲ್ಲ ಅನ್ನುವುದನ್ನು ಮೀಟರ್ ನೋಡಿಯೇ ಹೇಳಬಲ್ಲೆ. ನಿನ್ನ ಬೀದಿ ನನ್ನ ಪಾಲಿಗೆ ಬರುವುದಿಲ್ಲ. ಅದನ್ನು ಓದುವ ಸಹೋದ್ಯೋಗಿ ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗಿದ್ದಾಗ ನಿನ್ನ ಮನೆಯ ಪುಟ ತೆಗೆದು ನೋಡಿದೆ. ಹಾಗೆ ನೋಡುವುದು ತಪ್ಪು. ನೋಡಿದೆ. ಏಪ್ರಿಲ್‌ನಿಂದ ನಿನ್ನ ಮನೆಯ ನೀರು ಎರಡು ಪಟ್ಟಾಗಿತ್ತು.

ಡಯಾಲಿಸಿಸ್ ಶುರುವಾದ ಮೇಲೆ ನಿನಗೆ ಕುಡಿಯುವ ನೀರೂ ಲೋಟದ ಲೆಕ್ಕದಲ್ಲಿ. ಹಾಗಾದರೆ ಇಷ್ಟು ನೀರು ಯಾರಿಗೆ? ಏಪ್ರಿಲ್‌ನಲ್ಲೇ ನರ್ಸಮ್ಮ ನಿನ್ನ ಮನೆಗೆ ಬರಲು ಶುರು ಮಾಡಿದ್ದು. ನಾನು ಎರಡನ್ನೂ ಕೂಡಿಸಿದೆ. ಅವರು ತಮ್ಮ ಮನೆಯನ್ನು ಬೇರೆಯವರಿಗೆ ಕೊಟ್ಟು ನಿನ್ನಲ್ಲೇ ಬಿಡಾರ ಹೂಡಿದ್ದಾರೆ, ನಾಳೆ ಮನೆಯನ್ನೂ ಬರೆಸಿಕೊಳ್ಳುತ್ತಾರೆ, ಅದಕ್ಕೇ ಮಾರಬೇಡ ಅನ್ನುತ್ತಿದ್ದಾರೆ ಅಂತ ತೀರ್ಮಾನ ಮಾಡಿಕೊಂಡೆ. ಕೈಗೆ ಸಿಕ್ಕಿಬಿದ್ದರು ಅಂತ ಬೀದಿಯಿಂದ ನಿನ್ನ ಮನೆಗಿರುವ ನಲವತ್ತೊಂದು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದೆ. ಈ ವಯಸ್ಸಿನಲ್ಲಿ ಅದು ಸುಲಭವಲ್ಲ.

ಒಳಗೆ ಬಂದ ಕೂಡಲೇ ಕಂಡದ್ದು ಅವರ ಕಪ್ಪು ಕೈಚೀಲ. ಬಾಗಿಲ ಪಕ್ಕದ ಗೋಡೆಯಲ್ಲಿ ಕೆಳಗಡೆ ಒಂದು ಮೊಳೆ ಇದೆಯಲ್ಲ, ನನ್ನ ಶಾಲೆಯ ಚೀಲಕ್ಕೆ ಅಂತ ಅಪ್ಪ ಹೊಡೆದದ್ದು, ಅದರಲ್ಲಿ ತೂಗಾಡುತ್ತಿತ್ತು. ಅರವತ್ತಮೂರು ಮೊಳೆಯಲ್ಲಿ ಅವರಿಗೆ ಅದೇ ಬೇಕಾಗಿತ್ತು. ಹಿಂದಿನ ಅಂಗಳಕ್ಕೆ ಹೋದರೆ ಹಗ್ಗದ ತುಂಬ ಬಟ್ಟೆ. ನನಗೆ ಎಷ್ಟು ಸಂತೋಷವಾಯಿತು ಅಂತ ಹೇಳಲು ನಾಚಿಕೆಯಾಗುತ್ತದೆ. ಇದೆಲ್ಲ ಎಷ್ಟು ಜನರ ಬಟ್ಟೆ ಅಂತ ಕೊಂಕಿನಿಂದಲೇ ಕೇಳಿದೆ. ಅವರು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಒಬ್ಬಳದೇ ಕಣ್ರೀ, ಡಯಾಲಿಸಿಸ್ ಆದ ದಿನ ನಾಲ್ಕೈದು ಸಲ ವಾಂತಿ ಮಾಡ್ಕೋತಾಳೆ, ಹಾಸಿಗೆ ಕೊಳೆಯಾದ್ರೆ ಮಲಗಲ್ಲ, ನಿಮಗೆ ಹೇಳ್ಬೇಡಿ ಅಂದಿದ್ಲು, ನನ್ನ ಬಾಯಿ ನಿಲ್ಲಲ್ಲ ನೋಡಿ, ಅಂದರು. ತಿರುಗಿ ನೋಡಿದೆ. ಏಳು ಹೊದಿಕೆ. ಏಳೂ ನಿನ್ನವೇ. ನೀಲಿ ಅಂಚಿನದನ್ನು ನಾನೇ ತಂದುಕೊಟ್ಟದ್ದು.

ಆಗಲೇ ಒಳಗಿನಿಂದ ನೀನು ಅಕ್ಕಾ ಅಂತ ಕೂಗಿದೆ.

ಇಬ್ಬರೂ ಓಡಿದೆವು. ನಿನಗೆ ಇದು ಗೊತ್ತಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಅವರು ಮೊದಲು ತಲುಪಿದರು, ಬೇಸಿನ್ ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು. ನಾನು ಬಾಗಿಲಲ್ಲಿ ನಿಂತು, ನೀನು ಅವರ ಹೆಗಲಿಗೆ ತಲೆ ಆನಿಸುವುದನ್ನು ನೋಡಿದೆ. ನೀನು ಬಂದಿರೋದು ಗೊತ್ತೇ ಆಗಲಿಲ್ಲ ಕಣೇ ಅಂತ ಆಮೇಲೆ ನನಗೆ ಹೇಳಿದೆ. ಗೊತ್ತಿರಲಿಲ್ಲ ಅಂದಮೇಲೆ ನೀನು ಅಕ್ಕ ಅಂತ ಕೂಗಿದ್ದು ಯಾರನ್ನು ಅಂತ ಕೇಳಬೇಕಾಗಿಯೇ ಇರಲಿಲ್ಲ. ಜುಲೈನಲ್ಲಿ ನೀನು ಇಪ್ಪತ್ತೆಂಟನೇ ಮೆಟ್ಟಿಲಲ್ಲಿ ಬಿದ್ದಾಗಲೂ ನಿನ್ನನ್ನು ಎತ್ತಿದ್ದು ಅವರೇ. ನನಗೆ ತಿಳಿದದ್ದು ನಾಲ್ಕು ದಿನದ ನಂತರ, ಅದೂ ಅವರ ಬಾಯಿಂದ.

ಮನೆ ಹೋದದ್ದನ್ನು ಹತ್ತೊಂಬತ್ತು ವರ್ಷ ತಡೆದುಕೊಂಡೆ. ಇದನ್ನು ಅರ್ಧ ಗಂಟೆ ತಡೆದುಕೊಳ್ಳಲಾಗಲಿಲ್ಲ. ಮನೆ ಮಾರಿದರೆ ನೀನು ಆಸ್ಪತ್ರೆ ಹತ್ತಿರ, ಅಂದರೆ ನನ್ನ ಕಡೆಗೆ ಬರುತ್ತೀಯ, ಅವರು ಎರಡು ಬಸ್ಸಿನಾಚೆ ಉಳಿಯುತ್ತಾರೆ ಅನ್ನುವುದು ಟೀ ಕುಡಿಯುವಾಗ ನನ್ನ ತಲೆಯಲ್ಲಿ ಇದ್ದದ್ದು. ಅದಕ್ಕೇ ಮಾರಿಬಿಡು ಅಂದೆ. ನೀನು ನನ್ನ ಕೈ ಹಿಡಿದು, ಅಕ್ಕ, ನೀನು ಯಾವತ್ತೂ ನನಗೆ ಕೆಟ್ಟದ್ದು ಹೇಳಿಲ್ಲ ಅಂದೆ.

ಆದ್ದರಿಂದ ಆ ಮಾತನ್ನು ಮರೆತುಬಿಡು. ಅದರ ಬದಲಿಗೆ ಈ ಎಂಟು ದಿನ ನಾನು ಓಡಾಡಿ ನೋಡಿದ್ದನ್ನು ಇಟ್ಟುಕೋ. ನಿನ್ನ ಬಾಗಿಲಿನಿಂದ ಆಸ್ಪತ್ರೆಗೆ, ಗಾಡಿಯಲ್ಲಿ ಹೋದರೂ, ಐವತ್ತೈದು ನಿಮಿಷ. ವಾರಕ್ಕೆ ಮೂರು ಸಲ. ಗಾಡಿ ಮೆಟ್ಟಿಲಿನ ಬುಡದಲ್ಲೇ ನಿಲ್ಲುತ್ತದೆ. ಮನೆಯನ್ನು ಬಾಡಿಗೆಗೆ ಕೊಡಲು ಎರಡು ತಿಂಗಳು ನೋಡಿದೆವು, ಮೆಟ್ಟಿಲು ನೋಡಿಯೇ ಜನ ವಾಪಸ್ ಹೋದರು. ನೀನು ಕೆಲಸ ಬಿಟ್ಟಾಗಿದೆ, ಚಿಕಿತ್ಸೆ ವರ್ಷಗಟ್ಟಲೆ ನಡೆಯುತ್ತದೆ. ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಒಂದು ಮನೆ ಖಾಲಿಯಾಗಿದೆ. ನೆಲಮಹಡಿ, ಎರಡು ಕೋಣೆ, ಬಾಗಿಲಿಗೆ ಒಂದೇ ಮೆಟ್ಟಿಲು. ನಿನ್ನ ಈಗಿನ ನಡಿಗೆಯಲ್ಲಿ ಒಂಬತ್ತು ನಿಮಿಷ, ನಾನು ನಿನ್ನ ಹಾಗೇ ನಿಂತು ನಿಂತು ನಡೆದು ನೋಡಿದೆ. ಆ ಮನೆಯ ಮೀಟರನ್ನು ಹನ್ನೆರಡು ವರ್ಷದಿಂದ ಓದಿದ್ದೇನೆ, ಒಂದು ಸಲವೂ ಸೋರಿಲ್ಲ. ಹಿಂದೆ ಇದ್ದವರು ಒಂಬತ್ತು ವರ್ಷ ಇದ್ದರು. ಮಾಲೀಕರು ಟೈಲರು, ಮಾತು ಕಡಿಮೆ.

ನಿನ್ನ ಭಯವೂ ಸುಳ್ಳಲ್ಲ. ನಾಳೆ ಮನೆ ಬಿಡಿ ಅಂದರೆ ಈ ಕೈ ಹಿಡ್ಕೊಂಡು ಎಲ್ಲಿಗೆ ಹೋಗ್ಲಿ ಅಂದೆಯಲ್ಲ. ನನ್ನನ್ನು ಮೂರು ಸಲ ಬಿಡಿಸಿದ್ದಾರೆ, ಒಂದು ಸಲ ಕಾರಣವನ್ನೂ ಹೇಳಲಿಲ್ಲ. ನರ್ಸಮ್ಮ ಹೇಳಿದ್ದರಲ್ಲೂ ಹುರುಳಿದೆ. ಮೂವತ್ತು ವರ್ಷ ನೋಡಿದೀನಿ, ತಮ್ಮ ಹಾಸಿಗೆ ಬಿಟ್ಟ ರೋಗಿಗಳು ಬೇಗ ಸೊರಗ್ತಾರೆ ಅಂದರು. ಅವರು ರೋಗಿಗಳನ್ನು ನೋಡಿದವರು, ನಾನು ಮೀಟರ್ ನೋಡಿದವಳು. ಆದರೂ ಕೇಳಿದರೆ ಈಗಲೂ ಮಾರು ಅಂತಲೇ ಹೇಳುತ್ತೇನೆ. ಉರಿಯಿಂದ ಹೇಳಿದ ಮಾತೇ ಲೆಕ್ಕ ಹಾಕಿದರೂ ಸರಿಯಾಗಿ ಬಂತಲ್ಲ ಅಂತ ನನಗೆ ಒಂಥರಾ ಕಸಿವಿಸಿ. ನೀನು ಮಾತ್ರ ಮೆಟ್ಟಿಲು ನೋಡಿ ತೀರ್ಮಾನ ಮಾಡು, ನನ್ನ ಮುಖ ನೋಡಿ ಅಲ್ಲ. ಅವರ ಮುಖ ನೋಡಿಯೂ ಅಲ್ಲ.

ಹೊಟ್ಟೆಕಿಚ್ಚು ಹೋಯಿತು ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಹೋಗಿಲ್ಲ. ನಿನ್ನೆಯೂ ಫೋನಿನಲ್ಲಿ ಅವರು, ತಾವು ನಿನಗಿಟ್ಟ ಹೆಸರು ಹಿಡಿದು, ಪುಟ್ಟ ಈಗ ತಾನೇ ಗಂಜಿ ಕುಡಿದ್ಲು ಅಂದಾಗ ಫೋನನ್ನು ಹಾಸಿಗೆ ಮೇಲೆ ಎಸೆದೆ. ಎಸೆದು, ಮತ್ತೆ ಎತ್ತಿಕೊಂಡು, ಎಷ್ಟು ಕುಡಿದಳು ಅಂತ ಕೇಳಿದೆ.

ನಾಳೆ ಮಷೀನಿನ ದಿನ. ಸ್ವೆಟರ್ ಮರೆಯಬೇಡ.

ಇಂತಿ ನಿನ್ನ
ಮೊದಲನೇ ಅಕ್ಕ

ಮರೆತಿದ್ದೆ: ನಾನಿರುವ ಮನೆ ಬಿಡುತ್ತೇನೆ ಅಂತ ಮಾಲೀಕರಿಗೆ ಹೇಳಿ ಎಂಟು ದಿನವಾಯಿತು, ಆ ಭಾನುವಾರದ ಮಾರನೇ ದಿನವೇ. ನೀನು ಮಾರಿದರೆ ಟೈಲರ ಮನೆಗೆ ನಿನ್ನ ಜೊತೆ ಬರುತ್ತೇನೆ. ಮಾರದಿದ್ದರೆ ನನ್ನ ಟ್ರಂಕು ನಲವತ್ತೊಂದು ಮೆಟ್ಟಿಲು ಹತ್ತುತ್ತದೆ. ಬೇಡ ಅನ್ನುವುದಾದರೆ ಶುಕ್ರವಾರದೊಳಗೆ ಹೇಳು. ಟೈಲರು ಗೋಡೆಗೆ ಮೊಳೆ ಹೊಡೆಯಲೇಬಾರದು ಅಂದಿದ್ದರು. ಬೇಡಿಕೊಂಡು ಎರಡಕ್ಕೆ ಒಪ್ಪಿಸಿದೆ, ಒಂದು ಅಮ್ಮನ ಫೋಟೊಗೆ, ಇನ್ನೊಂದು ನೀನು ನಿಂತೇ ತಲೆ ಬಾಚಿಕೊಳ್ಳಲಿ ಅಂತ ಕನ್ನಡಿಗೆ. ಎರಡು ದಿನ ಬಿಟ್ಟು ಮತ್ತೆ ಹೋಗಿ ಮೂರನೆಯದಕ್ಕೂ ಕೇಳಿದೆ. ಎರಡು ಬಸ್ಸು ಹಿಡಿದು ಬಂದವರು ಕೈಚೀಲವನ್ನು ನೆಲದ ಮೇಲೆ ಇಡಬಾರದಲ್ಲ. ಅದು ಬಾಗಿಲ ಹಿಂದೆ.